ನಿಮ್ಮ ಲ್ಯಾಪ್‌ಟಾಪಿನ ತೂಬು ಯಾರ ಕೈಯಲ್ಲಿದೆ? ಫೈರ್‌ವಾಲ್ ಬಗ್ಗೆ ಗೊತ್ತಿರಬೇಕಾದ್ದು

"ಮಗಾ, ಫೈರ್‌ವಾಲ್ ಆಫ್ ಮಾಡೋ, ಸರ್ವರ್ ಕಾಣ್ತಿಲ್ಲ."

ನಾನು ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ರಾತ್ರಿ ಹತ್ತರ ಮೇಲೆ ದಿನಾ ಕೇಳಿಬರುತ್ತಿದ್ದ ಮಾತಿದು. 2009ರ ಸುಮಾರು. ರೂಮಿಂದ ರೂಮಿಗೆ ಕೇಬಲ್ ಎಳೆದುಕೊಂಡು ಕೌಂಟರ್ ಸ್ಟ್ರೈಕ್ ಆಡುತ್ತಿದ್ದ ಕಾಲ. ಒಬ್ಬನ ಕಂಪ್ಯೂಟರ್ ಇನ್ನೊಬ್ಬನಿಗೆ ಕಾಣದಿದ್ದರೆ ನಮಗೆ ಗೊತ್ತಿದ್ದ ಮದ್ದು ಒಂದೇ: ಫೈರ್‌ವಾಲ್ ಆಫ್. ಆಟ ಮುಗಿದ ಮೇಲೆ ಅದನ್ನು ಮತ್ತೆ ಆನ್ ಮಾಡಬೇಕು ಅನ್ನೋದು ಯಾರಿಗೂ ನೆನಪಾಗುತ್ತಿರಲಿಲ್ಲ.

ಒಂದು ವಾರ ಇದ್ದಕ್ಕಿದ್ದ ಹಾಗೆ ವಿಚಿತ್ರ ಶುರುವಾಯಿತು. ಎಲ್ಲ ವೆಬ್‌ಸೈಟ್‌ಗಳೂ ತೆರೆಯುತ್ತವೆ, ಆಂಟಿವೈರಸ್ ಕಂಪನಿಗಳದ್ದು ಮಾತ್ರ ತೆರೆಯಲ್ಲ. ವಿಂಡೋಸ್ ಅಪ್‌ಡೇಟ್ ಆಗಲ್ಲ. ಮೂರು ದಿನದಲ್ಲಿ ಇಡೀ ಮಹಡಿಯ ಕಂಪ್ಯೂಟರ್‌ಗಳದ್ದೂ ಅದೇ ಕಥೆ. ಅದರ ಹೆಸರು ಕಾನ್‌ಫಿಕರ್ ಅಂತ ಆಮೇಲೆ ಗೊತ್ತಾಯಿತು. 2008ರ ನವೆಂಬರಿನಲ್ಲಿ ಕಾಣಿಸಿಕೊಂಡು ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಹಬ್ಬಿದ ವರ್ಮ್ ಅದು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಒಂದೇ ನೆಟ್‌ವರ್ಕಿನಲ್ಲಿ ಇದ್ದು, ಅಪ್‌ಡೇಟ್ ಮಾಡದೆ, ಬಾಗಿಲು ತೆರೆದಿಟ್ಟಿದ್ದರೆ ಸಾಕಿತ್ತು. ನಾನು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದೆ. ಎರಡು ವಾರದ ಪ್ರಾಜೆಕ್ಟ್ ಕೆಲಸ ಹೋಯಿತು.

ಇದೆಲ್ಲ ಹಳೇ ಕಥೆ ಅಂದ್ಕೊಂಡಿದ್ದೆ. ಇತ್ತೀಚೆಗೆ ಗುಬ್ಬಿ ಕಡೆಯ ಇಬ್ಬರು ಪರಿಚಯದ ಹುಡುಗರು ಒಂದು ಲ್ಯಾಪ್‌ಟಾಪ್ ತಂದು "ಅಣ್ಣಾ, ಯಾಕೋ ಸ್ಲೋ ಆಗಿದೆ, ನೋಡಿ" ಅಂದರು. ಹೇಮಾವತಿ ಲಿಂಕ್ ಕೆನಾಲ್ ವಿಚಾರದಲ್ಲಿ ಓಡಾಡುವ ಹುಡುಗರು. ಊರೂರಿನ ರೈತರ ಫೋನ್ ನಂಬರ್ ಪಟ್ಟಿ, ಆರ್‌ಟಿಐ ಉತ್ತರಗಳು, ಸಭೆಯ ಫೋಟೋಗಳು ಎಲ್ಲವೂ ಅದರಲ್ಲೇ. ಸ್ಲೋ ಆಗಲು ಕಾರಣ ಹಾರ್ಡ್ ಡಿಸ್ಕ್ ತುಂಬಿದ್ದು, ಅದು ದೊಡ್ಡ ವಿಷಯವಲ್ಲ. ಆದರೆ ಫೈರ್‌ವಾಲ್ ಆಫ್ ಆಗಿತ್ತು. ಪ್ರಿಂಟರ್ ಕನೆಕ್ಟ್ ಆಗಲಿಲ್ಲ ಅಂತ ಯಾರೋ ರಿಪೇರಿಯವರು ಎಂಟು ತಿಂಗಳ ಹಿಂದೆ ಆಫ್ ಮಾಡಿದ್ದರಂತೆ. ಡಾಕ್ಯುಮೆಂಟ್ಸ್ ಫೋಲ್ಡರ್ ಪಾಸ್‌ವರ್ಡ್ ಇಲ್ಲದೆ ಶೇರ್ ಆಗಿತ್ತು. ಅದೇ ಲ್ಯಾಪ್‌ಟಾಪನ್ನು ಅವರು ತುಮಕೂರಿನ ಪಿಜಿಯ ವೈಫೈಗೆ, ಕುಣಿಗಲ್‌ನ ಜೆರಾಕ್ಸ್ ಅಂಗಡಿಯ ವೈಫೈಗೆ, ಕಂಡಕಂಡಲ್ಲಿ ಜೋಡಿಸಿಕೊಂಡು ಓಡಾಡಿದ್ದರು. ಅಷ್ಟೂ ದಿನ ಆ ವೈಫೈಗಳಲ್ಲಿ ಇದ್ದ ಯಾರು ಬೇಕಾದರೂ ಆ ಪಟ್ಟಿಯನ್ನು ತೆರೆದು ನೋಡಬಹುದಿತ್ತು.

ಈ ಲೇಖನ ಅವರಿಗೆ ಹೇಳಿದ್ದನ್ನೇ ಸ್ವಲ್ಪ ಕ್ರಮವಾಗಿ ಬರೆದಿರುವುದು. ಫೈರ್‌ವಾಲ್ ಅಂದರೇನು, ನಿಮ್ಮ ಯಂತ್ರದಲ್ಲಿ ಅದು ಎಲ್ಲಿದೆ, ಏನನ್ನು ತಡೆಯುತ್ತೆ, ಮುಖ್ಯವಾಗಿ ಏನನ್ನು ತಡೆಯಲ್ಲ.

ಕೆರೆ, ತೂಬು, ನೀರುಗಂಟಿ

ಕುಣಿಗಲ್ ಕೆರೆ ನೋಡಿದವರಿಗೆ ಫೈರ್‌ವಾಲ್ ಅರ್ಥ ಮಾಡಿಸುವುದು ಸುಲಭ. ಕೆರೆಗೆ ಏರಿ ಇರುತ್ತೆ, ಏರಿಯಲ್ಲಿ ತೂಬುಗಳಿರುತ್ತವೆ. ಯಾವ ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದಕ್ಕೆ ಊರಿನ ಕಟ್ಟಳೆ ಇರುತ್ತೆ. ಅದರಂತೆ ನಡೆಸುವವನು ನೀರುಗಂಟಿ.

ನಿಮ್ಮ ಕಂಪ್ಯೂಟರ್ ಇಂಟರ್ನೆಟ್ಟಿಗೆ ಸೇರಿದಾಗ ಅದಕ್ಕೆ 65,536 ತೂಬುಗಳಿರುತ್ತವೆ. ತಾಂತ್ರಿಕವಾಗಿ ಅವುಗಳ ಹೆಸರು ಪೋರ್ಟ್. 0ರಿಂದ 65,535ರವರೆಗೆ ನಂಬರ್. ವೆಬ್‌ಸೈಟ್ ಸರ್ವರ್‌ಗಳು ಸಾಮಾನ್ಯವಾಗಿ 443ರಲ್ಲಿ ಕಾಯುತ್ತವೆ. ವಿಂಡೋಸ್ ಫೈಲ್ ಶೇರಿಂಗ್ 445ರಲ್ಲಿ. ದೂರದಿಂದ ವಿಂಡೋಸ್ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್ 3389ರಲ್ಲಿ. ಒಂದು ಪ್ರೋಗ್ರಾಂ ಯಾವುದೋ ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿದ್ದರೆ, ಆ ನಂಬರಿಗೆ ಹೊರಗಿನಿಂದ ಬಂದು ತಟ್ಟಬಹುದು.

ಸಾಫ್ಟ್‌ವೇರ್ ಫೈರ್‌ವಾಲ್ ಅಂದರೆ ನಿಮ್ಮ ಯಂತ್ರದೊಳಗೇ ಕೂತಿರುವ ನೀರುಗಂಟಿ. ಒಳಗೆ ಬರುವ, ಹೊರಗೆ ಹೋಗುವ ಪ್ರತಿ ಡೇಟಾ ಪೊಟ್ಟಣದ ಮೇಲಿನ ವಿಳಾಸ ನೋಡುತ್ತೆ: ಎಲ್ಲಿಂದ, ಎಲ್ಲಿಗೆ, ಯಾವ ಪೋರ್ಟ್, ಯಾವ ಪ್ರೋಗ್ರಾಂ. ತನ್ನ ಕೈಲಿರುವ ನಿಯಮದ ಪಟ್ಟಿಗೆ ಹೋಲಿಸಿ ಬಿಡುತ್ತೆ ಇಲ್ಲವೇ ತಡೆಯುತ್ತೆ. ನೀವು ಕೇಳಿದ್ದಕ್ಕೆ ಬಂದ ಉತ್ತರ ಯಾವುದು, ಕರೆಯದೇ ಬಂದದ್ದು ಯಾವುದು ಅನ್ನೋದನ್ನೂ ನೆನಪಿಟ್ಟುಕೊಂಡಿರುತ್ತೆ. ನೀವು ಬ್ರೌಸರಿನಲ್ಲಿ ಒಂದು ಪುಟ ತೆರೆದರೆ ಆ ಸರ್ವರಿನ ಉತ್ತರ ಒಳಗೆ ಬರುತ್ತೆ. ಗೊತ್ತಿಲ್ಲದ ಯಂತ್ರವೊಂದು ತಾನಾಗಿ ಬಂದು 445 ತಟ್ಟಿದರೆ ಬಾಗಿಲು ತೆರೆಯಲ್ಲ.

ಒಂದು ಗೊಂದಲ ಇಲ್ಲೇ ಬಗೆಹರಿಸೋಣ. ತುಮಕೂರಿನ ಬಹಳಷ್ಟು ವಿದ್ಯಾರ್ಥಿಗಳಿಗೆ ಫೈರ್‌ವಾಲ್ ಅಂದರೆ ಕಾಲೇಜ್ ವೈಫೈನಲ್ಲಿ ಇನ್‌ಸ್ಟಾ ತೆರೆಯದಂತೆ ಮಾಡುವ ಕಾಟ. ಅದೂ ಫೈರ್‌ವಾಲೇ, ಆದರೆ ಅದು ನೆಟ್‌ವರ್ಕಿನ ಫೈರ್‌ವಾಲ್. ಅದರ ನಿಯಮ ಬರೆಯುವವರು ಕಾಲೇಜಿನವರು. ನಿಮ್ಮ ಲ್ಯಾಪ್‌ಟಾಪಿನೊಳಗೆ ಇರುವುದು ಬೇರೆ. ಅದರ ನಿಯಮ ಬರೆಯುವ ಹಕ್ಕು ನಿಮ್ಮದು. ಹೇಮಾವತಿ ನಾಲೆಯ ವಿಚಾರದಲ್ಲಿ ನಮ್ಮ ಜಿಲ್ಲೆ ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆಯನ್ನೇ ಇಲ್ಲೂ ಕೇಳಬೇಕು: ಗೇಟು ಯಾರ ಕೈಯಲ್ಲಿದೆ?

ಇದು ತಾನಾಗಿ ಆನ್ ಆಗಿರುವುದಕ್ಕೂ ಒಂದು ಇತಿಹಾಸವಿದೆ

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ಆಫ್ ಆಗಿಯೇ ಬರುತ್ತಿತ್ತು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಅನ್ನುವ ವರ್ಮ್ 135ನೇ ಪೋರ್ಟಿನ ಮೂಲಕ ಹಬ್ಬಿತು. 2004ರ ಏಪ್ರಿಲ್ ಕೊನೆಗೆ ಸಾಸರ್ ಅನ್ನುವುದು 445ರ ಮೂಲಕ ಹಬ್ಬಿತು. ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಜೋಡಿಸಿ ಸುಮ್ಮನೆ ಬಿಟ್ಟರೂ ಸೋಂಕು ತಗಲುತ್ತಿತ್ತು. 2004ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಸರ್ವೀಸ್ ಪ್ಯಾಕ್ 2 ಬಿಡುಗಡೆ ಮಾಡಿ, ಫೈರ್‌ವಾಲನ್ನು ಎಲ್ಲರಿಗೂ ಮೊದಲೇ ಆನ್ ಮಾಡಿಕೊಟ್ಟಿತು. ಆವತ್ತಿನಿಂದ ಇವತ್ತಿನವರೆಗೆ ವಿಂಡೋಸಿನಲ್ಲಿ ಅದು ಆನ್ ಆಗಿಯೇ ಬರುತ್ತೆ. ಆಫ್ ಆಗಿದ್ದರೆ ಯಾರೋ ಮಾಡಿದ್ದಾರೆ ಅಂತಲೇ ಅರ್ಥ.

ಪಾಠ ಪೂರ್ತಿ ಕಲಿತೆವಾ? ಇಲ್ಲ. 2017ರ ಮೇ 12ರಂದು ವಾನ್ನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಸುಮಾರು 150 ದೇಶಗಳಿಗೆ ಹಬ್ಬಿತು. ಫೈಲುಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳುತ್ತಿತ್ತು. ಆಂಧ್ರಪ್ರದೇಶ ಪೊಲೀಸರ ಕೆಲವು ಕಂಪ್ಯೂಟರ್‌ಗಳು, ನಮ್ಮ ಗಡಿಗೆ ಅಂಟಿಕೊಂಡಿರುವ ಕೇರಳದ ವಯನಾಡಿನ ಪಂಚಾಯತ್ ಕಚೇರಿಯ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ದಾರಿ ಮತ್ತೆ ಅದೇ 445. ಆ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲೇ ಕೊಟ್ಟಿತ್ತು. ಅಪ್‌ಡೇಟ್ ಹಾಕಿಕೊಂಡವರು ಉಳಿದರು. ಹಾಕಿಕೊಳ್ಳದಿದ್ದರೂ ಹೊರಗಿನಿಂದ 445 ಮುಚ್ಚಿದ್ದವರ ಯಂತ್ರಕ್ಕೆ ಅದು ನೆಟ್‌ವರ್ಕ್ ಮೂಲಕ ತಾನಾಗಿ ಹಾರಿಕೊಳ್ಳಲು ಆಗಲಿಲ್ಲ.

ಅಂದರೆ ಅಪ್‌ಡೇಟ್ ಮತ್ತು ಫೈರ್‌ವಾಲ್ ಜೋಡಿ ಕೆಲಸಗಳು. ಒಂದು ಗೋಡೆಯ ಬಿರುಕು ಮುಚ್ಚುತ್ತೆ, ಇನ್ನೊಂದು ಬಾಗಿಲು ಕಾಯುತ್ತೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಲ್ಯಾಪ್‌ಟಾಪ್ ಇನ್ನೂ ವಿಂಡೋಸ್ 10ರಲ್ಲೇ ಇದ್ದರೆ 11ಕ್ಕೆ ಹೋಗಿ. ಯಂತ್ರ ಹಳೆಯದು, 11 ಹಿಡಿಯಲ್ಲ ಅಂದರೆ ಉಬುಂಟು ಥರದ ಲಿನಕ್ಸ್ ಹಾಕಿಕೊಳ್ಳಿ. ಫೈರ್‌ವಾಲ್ ಇದೆಯಲ್ಲ ಅಂತ ಹಳೇ ಗೋಡೆ ನಂಬಿಕೊಂಡು ಕೂರಬೇಡಿ.

ಒಳಗೆ ಬರುವುದು, ಹೊರಗೆ ಹೋಗುವುದು

ಫೈರ್‌ವಾಲ್ ನಿಯಮಗಳು ಎರಡು ಥರ. ಒಳಬರುವ ಸಂಪರ್ಕಕ್ಕೆ ಒಂದು, ಹೊರಹೋಗುವ ಸಂಪರ್ಕಕ್ಕೆ ಇನ್ನೊಂದು.

ವಿಂಡೋಸಿನ ಮೂಲ ವ್ಯವಸ್ಥೆ ಹೀಗಿದೆ: ನಿಯಮ ಇಲ್ಲದಿದ್ದರೆ ಒಳಬರುವುದನ್ನು ತಡೆ, ಹೊರಹೋಗುವುದನ್ನು ಬಿಡು. ವರ್ಮ್‌ಗಳ ಮಟ್ಟಿಗೆ ಇದು ಒಳ್ಳೆಯ ರಕ್ಷಣೆ. ಆದರೆ ನಿಮ್ಮೊಳಗೇ ಇರುವ ಒಂದು ಆ್ಯಪ್ ನಿಮ್ಮ ಮಾಹಿತಿಯನ್ನು ಹೊರಗೆ ಕಳಿಸುತ್ತಿದ್ದರೆ ಅದನ್ನು ಇದು ಕೇಳಲ್ಲ. ಹೊರದಾರಿಯನ್ನೂ ಕಾಯಬೇಕು ಅಂದರೆ ನೀವೇ ನಿಯಮ ಬರೆಯಬೇಕು, ಇಲ್ಲವೇ ಅದಕ್ಕೆಂದೇ ಇರುವ ಆ್ಯಪ್ ಬಳಸಬೇಕು.

ಲ್ಯಾಪ್‌ಟಾಪಿನಲ್ಲಿ ಒಳದಾರಿ ಮುಖ್ಯ, ಫೋನಿನಲ್ಲಿ ಹೊರದಾರಿ ಮುಖ್ಯ. ಯಾಕಂದರೆ ಫೋನುಗಳು ಸಾಮಾನ್ಯವಾಗಿ ಹೊರಗಿನವರಿಗಾಗಿ ಪೋರ್ಟ್ ತೆರೆದು ಕೂರುವುದು ಕಡಿಮೆ. ಅಲ್ಲಿನ ತಲೆನೋವು ನಾವೇ ಇಳಿಸಿಕೊಂಡ ಆ್ಯಪ್‌ಗಳು ಹೊರಗೆ ಏನು ಸಾಗಿಸುತ್ತಿವೆ ಅನ್ನೋದು.

ಲ್ಯಾಪ್‌ಟಾಪಿನಲ್ಲಿ ಏನು ಮಾಡಬೇಕು

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ವಿಂಡೋಸ್ ಸೆಕ್ಯುರಿಟಿ, ಫೈರ್‌ವಾಲ್ ಅಂಡ್ ನೆಟ್‌ವರ್ಕ್ ಪ್ರೊಟೆಕ್ಷನ್. ಅಲ್ಲಿ ಮೂರು ಸಾಲು ಕಾಣುತ್ತವೆ: ಡೊಮೇನ್, ಪ್ರೈವೇಟ್, ಪಬ್ಲಿಕ್. ಮೂರೂ ಆನ್ ಇರಬೇಕು.

ಡೊಮೇನ್ ಅನ್ನೋದು ಕಚೇರಿಯ ನೆಟ್‌ವರ್ಕಿಗೆ. ಪ್ರೈವೇಟ್ ಅನ್ನೋದು ಮನೆಗೆ, ಅಂದರೆ ಸೇರಿರುವ ಎಲ್ಲ ಯಂತ್ರಗಳೂ ನಿಮ್ಮವೇ ಆಗಿರುವ ಜಾಗಕ್ಕೆ. ಉಳಿದದ್ದೆಲ್ಲ ಪಬ್ಲಿಕ್. ಪಿಜಿ ವೈಫೈ ಪಬ್ಲಿಕ್. ಹಾಸ್ಟೆಲ್ ಪಬ್ಲಿಕ್. ಜೆರಾಕ್ಸ್ ಅಂಗಡಿ, ಗ್ರಂಥಾಲಯ, ಸ್ನೇಹಿತನ ರೂಮು, ಪಕ್ಷದ ಕಚೇರಿ, ಸಂಘಟನೆಯ ಕಚೇರಿ ಎಲ್ಲವೂ ಪಬ್ಲಿಕ್ಕೇ. ನಮ್ಮವರೇ ಇರೋದು ಅನ್ನೋ ಭಾವನೆಗೂ ನೆಟ್‌ವರ್ಕಿಗೂ ಸಂಬಂಧವಿಲ್ಲ. ನಮ್ಮವರ ಫೋನಿಗೇ ಸೋಂಕು ತಗಲಿರಬಹುದು. ವೈಫೈ ಹೆಸರಿನ ಪ್ರಾಪರ್ಟೀಸ್ ತೆರೆದರೆ ಪಬ್ಲಿಕ್ಕೋ ಪ್ರೈವೇಟೋ ಅನ್ನೋದನ್ನು ಅಲ್ಲೇ ಬದಲಿಸಬಹುದು.

ಹೊಸ ಪ್ರೋಗ್ರಾಂ ಹಾಕಿದಾಗ ಕೆಲವೊಮ್ಮೆ ಒಂದು ಕಿಟಕಿ ಎದ್ದು ಬರುತ್ತೆ: ಈ ಆ್ಯಪಿಗೆ ನೆಟ್‌ವರ್ಕಿನಿಂದ ಸಂಪರ್ಕ ಬಿಡಲೇ? ಎಲ್ಲರೂ ಕೈ ಅಭ್ಯಾಸಕ್ಕೆ ಅಲೋ ಒತ್ತುತ್ತೇವೆ. ಒಂದು ಕ್ಷಣ ನಿಲ್ಲಿ. ಅದು ಕೇಳುತ್ತಿರುವುದು ಹೊರಗಿನವರು ಬಂದು ಈ ಪ್ರೋಗ್ರಾಮಿನ ಬಾಗಿಲು ತಟ್ಟಬಹುದಾ ಅಂತ. ನೆಟ್‌ವರ್ಕ್ ಆಟ, ಫೈಲ್ ಹಂಚುವ ತಂತ್ರಾಂಶಗಳಿಗೆ ಅದು ಬೇಕಾಗಬಹುದು. ಪಿಡಿಎಫ್ ಓದುವ ಪ್ರೋಗ್ರಾಮಿಗೆ, ಫೋಟೋ ತಿದ್ದುವ ಪ್ರೋಗ್ರಾಮಿಗೆ ಯಾಕೆ ಬೇಕು? ಗೊತ್ತಿಲ್ಲದಿದ್ದರೆ ಬೇಡ ಅನ್ನಿ. ಕೆಲಸ ನಿಂತರೆ ಆಮೇಲೆ ಅದೇ ಪುಟದ ಅಲೋ ಆ್ಯನ್ ಆ್ಯಪ್ ಥ್ರೂ ಫೈರ್‌ವಾಲ್ ಅನ್ನುವ ಕೊಂಡಿಯಲ್ಲಿ ಬಿಟ್ಟುಕೊಡಬಹುದು. ಆ ಪಟ್ಟಿಯನ್ನು ಒಮ್ಮೆ ಓದಿ ನೋಡಿ. ಗುರುತಿಲ್ಲದ ಹೆಸರಿನ ಮುಂದಿರುವ ಟಿಕ್ ತೆಗೆಯಿರಿ. ಗೊಂದಲವಾದರೆ ರಿಸ್ಟೋರ್ ಫೈರ್‌ವಾಲ್ಸ್ ಟು ಡಿಫಾಲ್ಟ್ ಒತ್ತಿದರೆ ಕಂಪನಿ ಕೊಟ್ಟ ಸ್ಥಿತಿಗೆ ವಾಪಸ್ ಬರುತ್ತೆ.

ಪ್ರಿಂಟರ್ ಕನೆಕ್ಟ್ ಆಗಲಿಲ್ಲ ಅಂತ ಇಡೀ ಫೈರ್‌ವಾಲ್ ಆಫ್ ಮಾಡುವುದು, ಒಂದು ಗದ್ದೆಗೆ ನೀರು ಬರಲಿಲ್ಲ ಅಂತ ಕೆರೆ ಏರಿ ಒಡೆದ ಹಾಗೆ. ಆ ಪ್ರಿಂಟರಿಗೆ ಬೇಕಾದ ಒಂದು ನಿಯಮ ಬರೆದರೆ ಸಾಕು.

ಮ್ಯಾಕ್ ಬಳಸುವವರು ಗಮನಿಸಿ: ಅದರಲ್ಲಿ ಫೈರ್‌ವಾಲ್ ಇದೆ, ಆದರೆ ಸಾಮಾನ್ಯವಾಗಿ ಆಫ್ ಆಗಿ ಬರುತ್ತೆ. ಸಿಸ್ಟಮ್ ಸೆಟ್ಟಿಂಗ್ಸ್, ನೆಟ್‌ವರ್ಕ್, ಫೈರ್‌ವಾಲ್. ಅಲ್ಲಿ ಆನ್ ಮಾಡಿ. ಅದು ಒಳಬರುವುದನ್ನು ಮಾತ್ರ ನೋಡುತ್ತೆ. ಹೊರಹೋಗುವುದನ್ನೂ ನೋಡಬೇಕಿದ್ದರೆ ಲುಲು ಅನ್ನುವ ಉಚಿತ, ಮುಕ್ತ ತಂತ್ರಾಂಶ ಇದೆ. ಉಬುಂಟು ಲಿನಕ್ಸಿನಲ್ಲಿ ಯುಎಫ್‌ಡಬ್ಲ್ಯು ಅನ್ನುವ ಫೈರ್‌ವಾಲ್ ಮೊದಲೇ ಇರುತ್ತೆ, ಅದೂ ಆಫ್ ಆಗಿಯೇ. ಒಂದು ಸಾಲಿನ ಆದೇಶ ಕೊಟ್ಟರೆ ಆನ್ ಆಗುತ್ತೆ. ಆದೇಶ ಬರೆಯಲು ಹಿಂಜರಿಕೆ ಇದ್ದರೆ ಜಿಯುಎಫ್‌ಡಬ್ಲ್ಯು ಹಾಕಿಕೊಳ್ಳಿ, ಅದರಲ್ಲಿ ಬಟನ್ ಇದೆ.

ದುಡ್ಡು ಕೊಟ್ಟು ಆಂಟಿವೈರಸ್ ಕೊಳ್ಳಲೇಬೇಕಾ ಅಂತ ಕೇಳುವವರಿಗೆ: ವಿಂಡೋಸ್ 11ರ ಒಳಗೇ ಇರುವ ಡಿಫೆಂಡರ್ ಮತ್ತು ಫೈರ್‌ವಾಲ್ ಸರಿಯಾಗಿ ಆನ್ ಇದ್ದು, ಅಪ್‌ಡೇಟ್ ಆಗುತ್ತಿದ್ದರೆ ವಿದ್ಯಾರ್ಥಿಯೊಬ್ಬನ ಬಳಕೆಗೆ ಸಾಕು. ಕೊಂಡರೆ ಒಂದನ್ನೇ ಕೊಳ್ಳಿ, ಎರಡು ಫೈರ್‌ವಾಲ್ ಒಟ್ಟಿಗೆ ಓಡಿಸಬೇಡಿ. ಕ್ರ್ಯಾಕ್ ಮಾಡಿದ ಆಂಟಿವೈರಸ್ ಹಾಕಿಕೊಳ್ಳುವುದು ಕಳ್ಳನನ್ನೇ ಕಾವಲಿಗೆ ಇಟ್ಟಂತೆ. ಕೇಂದ್ರ ಸರ್ಕಾರದ ಸರ್ಟ್-ಇನ್ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಸೋಂಕು ತೆಗೆಯುವ ಉಚಿತ ಸಾಧನಗಳು ಸಿಗುತ್ತವೆ.

ಫೋನಿನಲ್ಲಿ ಏನು ಮಾಡಬೇಕು

ಟಾರ್ಚ್ ಆ್ಯಪಿಗೆ ಇಂಟರ್ನೆಟ್ ಯಾಕೆ ಬೇಕು? ಕ್ಯಾಲ್ಕುಲೇಟರಿಗೆ ಯಾಕೆ? ಆಂಡ್ರಾಯ್ಡಿನಲ್ಲಿ ಲೊಕೇಶನ್, ಕ್ಯಾಮೆರಾಗೆ ಅನುಮತಿ ಕೇಳುತ್ತಾರೆ, ಇಂಟರ್ನೆಟ್ಟಿಗೆ ಕೇಳುವುದೇ ಇಲ್ಲ. ಅದು ಎಲ್ಲರಿಗೂ ತಾನಾಗಿ ಸಿಕ್ಕಿರುತ್ತೆ.

ಕೆಲವು ಕಂಪನಿಗಳ ಫೋನಿನಲ್ಲಿ ಆ್ಯಪ್ ಇನ್ಫೋ ಒಳಗೆ ಮೊಬೈಲ್ ಡೇಟಾ, ವೈಫೈ ಎರಡನ್ನೂ ಆ್ಯಪ್ ಪ್ರಕಾರ ತಡೆಯುವ ಆಯ್ಕೆ ಇದೆ. ಮೊದಲು ಅದನ್ನು ಹುಡುಕಿ. ಇಲ್ಲದಿದ್ದರೆ ನೆಟ್‌ಗಾರ್ಡ್, ರಿಥಿಂಕ್ ಅನ್ನುವ ಎರಡು ಮುಕ್ತ ತಂತ್ರಾಂಶಗಳಿವೆ. ಫೋನ್ ರೂಟ್ ಮಾಡಬೇಕಿಲ್ಲ. ಅವು ಫೋನಿನೊಳಗೇ ಒಂದು ವಿಪಿಎನ್ ಸೃಷ್ಟಿಸಿ, ಎಲ್ಲ ಆ್ಯಪ್‌ಗಳ ಸಂಚಾರವನ್ನು ಅದರ ಮೂಲಕ ಹಾಯಿಸಿ, ಬೇಡದ್ದನ್ನು ತಡೆಯುತ್ತವೆ. ಯಾವ ಆ್ಯಪ್ ಎಷ್ಟು ಸಲ ಎಲ್ಲಿಗೆ ಸಂಪರ್ಕ ಬೆಳೆಸಿತು ಅನ್ನೋ ಪಟ್ಟಿಯನ್ನೂ ತೋರಿಸುತ್ತವೆ. ಒಂದು ದಿನ ಹಾಕಿ ನೋಡಿ. ನೀವು ತೆರೆಯದೇ ಇದ್ದ ಆ್ಯಪ್‌ಗಳೂ ರಾತ್ರಿಯಿಡೀ ಯಾರ ಜೊತೆ ಮಾತಾಡುತ್ತಿದ್ದವು ಅಂತ ಗೊತ್ತಾಗುತ್ತೆ. ಒಂದು ಮಿತಿ ಇದೆ: ಆಂಡ್ರಾಯ್ಡ್ ಒಂದು ಹೊತ್ತಿಗೆ ಒಂದೇ ವಿಪಿಎನ್ ಬಿಡುತ್ತೆ. ಬೇರೆ ವಿಪಿಎನ್ ಆ್ಯಪ್ ಬಳಸುವವರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಇಂಥ ಆ್ಯಪನ್ನು ಅಧಿಕೃತ ಜಾಗದಿಂದಲೇ ಇಳಿಸಿಕೊಳ್ಳಿ. ಫೈರ್‌ವಾಲ್ ಹೆಸರಿನಲ್ಲಿ ಬರುವ ಗೊತ್ತಿಲ್ಲದ ಆ್ಯಪಿಗೆ ನಿಮ್ಮ ಅಷ್ಟೂ ಸಂಚಾರ ಒಪ್ಪಿಸುವುದು ಅಪಾಯ.

ಐಫೋನಿನಲ್ಲಿ ಆ್ಯಪ್ ಪ್ರಕಾರ ಮೊಬೈಲ್ ಡೇಟಾ ನಿಲ್ಲಿಸಬಹುದು, ವೈಫೈ ನಿಲ್ಲಿಸಲಾಗದು. ಪ್ರೈವಸಿ ಅಂಡ್ ಸೆಕ್ಯುರಿಟಿ ಒಳಗೆ ಲೋಕಲ್ ನೆಟ್‌ವರ್ಕ್ ಅನ್ನುವ ಪಟ್ಟಿ ಇದೆ. ಅಕ್ಕಪಕ್ಕದ ಯಂತ್ರಗಳನ್ನು ಹುಡುಕುವ ಅನುಮತಿ ಯಾರಿಗಿದೆ ಅಂತ ಅಲ್ಲಿ ನೋಡಿ. ಆ್ಯಪ್ ಪ್ರೈವಸಿ ರಿಪೋರ್ಟ್ ಆನ್ ಮಾಡಿದರೆ ಯಾವ ಆ್ಯಪ್ ಎಲ್ಲಿಗೆ ಸಂಪರ್ಕಿಸಿತು ಅನ್ನೋ ಲೆಕ್ಕ ಸಿಗುತ್ತೆ.

ರೈಲು, ಬಸ್ ಸ್ಟ್ಯಾಂಡ್, ಅಂಗಡಿ

ಗುಬ್ಬಿ, ತುಮಕೂರಿನಿಂದ ಬೆಂಗಳೂರಿಗೆ ದಿನಾ ಪಾಸ್ ಇಟ್ಟುಕೊಂಡು ಓಡಾಡುವವರು ಸಾಕಷ್ಟು ಜನ. ರೈಲ್‌ಟೆಲ್ ದೇಶದ 6,000ಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ಉಚಿತ ವೈಫೈ ಕೊಟ್ಟಿದೆ. ಉಚಿತ ವೈಫೈ ಬಳಸಲೇಬೇಡಿ ಅನ್ನೋ ಉಪದೇಶ ನಾನು ಮಾಡಲ್ಲ. ಡೇಟಾ ಪ್ಯಾಕ್ ಬೆಲೆ ಗೊತ್ತಿರುವ ಯಾರೂ ಮಾಡಲ್ಲ. ವೆಬ್‌ಸೈಟುಗಳು ಈಗ ಬಹುಪಾಲು ಎಚ್‌ಟಿಟಿಪಿಎಸ್ ಆಗಿರುವುದರಿಂದ ನೀವು ಏನು ಟೈಪ್ ಮಾಡಿದಿರಿ ಅನ್ನೋದು ಪಕ್ಕದವನಿಗೆ ಸುಲಭಕ್ಕೆ ಕಾಣಲ್ಲ. ಆದರೆ ಒಂದೇ ವೈಫೈನಲ್ಲಿ ಇರುವ ಯಂತ್ರಗಳು ಎಷ್ಟೋ ಕಡೆ ಒಂದನ್ನೊಂದು ನೋಡಬಲ್ಲವು. ಅಲ್ಲಿ ನಿಮ್ಮ ಲ್ಯಾಪ್‌ಟಾಪ್ ಪಬ್ಲಿಕ್ ಸ್ಥಿತಿಯಲ್ಲಿ, ಫೈರ್‌ವಾಲ್ ಆನ್ ಆಗಿ ಇರಬೇಕು. ಫೈಲ್ ಶೇರಿಂಗ್ ಆಫ್ ಇರಬೇಕು. ಇಷ್ಟು ಸಾಕು.

ನನಗೆ ಹೆಚ್ಚು ಭಯ ಅಂಗಡಿಗಳ ಕಂಪ್ಯೂಟರ್‌ಗಳ ಬಗ್ಗೆ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ಗ್ರಾಮ ಒನ್ ಕೇಂದ್ರಗಳ ಮುಂದೆ ಎಂಥ ಸಾಲಿತ್ತು ನೆನಪಿದೆಯಲ್ವಾ? ಸೇವಾ ಕೇಂದ್ರ, ಸೈಬರ್ ಅಂಗಡಿ, ಜೆರಾಕ್ಸ್ ಅಂಗಡಿ ಅಂದರೆ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಸ್ಕ್ಯಾನ್‌ಗಳು ರಾಶಿ ಬೀಳುವ ಜಾಗ. ನಿಮ್ಮ ಅಣ್ಣನೋ ಅಕ್ಕನೋ ಅಂಥ ಅಂಗಡಿ ನಡೆಸುತ್ತಿದ್ದರೆ ಈ ಭಾನುವಾರ ಹೋಗಿ ಫೈರ್‌ವಾಲ್ ನೋಡಿ. ಗಿರಾಕಿಗಳಿಗೆ ಕೊಡುವ ವೈಫೈ ಬೇರೆ, ಕೆಲಸದ ಕಂಪ್ಯೂಟರಿನ ಸಂಪರ್ಕ ಬೇರೆ ಮಾಡಿಸಿ. ಬಹುತೇಕ ರೂಟರ್‌ಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಆಯ್ಕೆ ಇರುತ್ತೆ. ಮುಗಿದ ಸ್ಕ್ಯಾನ್ ಡಿಲೀಟ್ ಮಾಡುವ ಅಭ್ಯಾಸ ಮಾಡಿಸಿ.

ಫೈರ್‌ವಾಲ್ ತಡೆಯದ ಸಂಗತಿಗಳು

ಈಗ ಕಹಿ ಭಾಗ. ನಮ್ಮ ಜನ ಹೆಚ್ಚು ದುಡ್ಡು ಕಳೆದುಕೊಳ್ಳುತ್ತಿರುವ ದಾರಿಗಳಲ್ಲಿ ಫೈರ್‌ವಾಲ್ ನಿಲ್ಲುವುದೇ ಇಲ್ಲ. ಯಾಕಂದರೆ ಅಲ್ಲಿ ಬಾಗಿಲು ತೆರೆಯುವವರು ನಾವೇ.

ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಹೆಸರಿನ ಎಪಿಕೆ ಬರುತ್ತೆ. ಟ್ರಾಫಿಕ್ ಚಲನ್, ಪಿಎಂ ಕಿಸಾನ್ ಹೆಸರಿನಲ್ಲೂ ಬರುತ್ತೆ. ಇಳಿಸಿಕೊಂಡು ಎಸ್ಎಂಎಸ್ ಅನುಮತಿ ಕೊಟ್ಟರೆ ನಿಮ್ಮ ಒಟಿಪಿ ಅವರ ಕೈಗೆ. ಹೊರದಾರಿಯ ಫೈರ್‌ವಾಲ್ ಇದ್ದು, ಹೊಸ ಆ್ಯಪ್‌ಗಳಿಗೆ ಮೊದಲೇ ಇಂಟರ್ನೆಟ್ ತಡೆದಿಟ್ಟಿದ್ದರೆ ಸ್ವಲ್ಪ ಉಪಯೋಗವಾದೀತು, ಆದರೆ ಆ ಆ್ಯಪ್ ಎಸ್ಎಂಎಸ್ ಮೂಲಕವೇ ಮಾಹಿತಿ ಕಳಿಸಿದರೆ ಫೈರ್‌ವಾಲಿಗೆ ಅದು ಕಾಣಲ್ಲ. ಗೊತ್ತಿಲ್ಲದ ಎಪಿಕೆ ಹಾಕದಿರುವುದೊಂದೇ ಮದ್ದು.

ಬ್ಯಾಂಕಿನವನು ಅಂತ ಕರೆ ಮಾಡಿ ಎನಿಡೆಸ್ಕ್ ಹಾಕಿಸಿ ಪರದೆ ನೋಡುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಆ ತಂತ್ರಾಂಶ ಕಾನೂನುಬದ್ಧವೇ. ಸಂಪರ್ಕ ಹೊರಡುವುದು ನಿಮ್ಮ ಯಂತ್ರದಿಂದ, ಹಾಗಾಗಿ ಫೈರ್‌ವಾಲ್ ಬಿಡುತ್ತೆ. ಸಾಲದ ಆ್ಯಪ್‌ಗಳದ್ದೂ ಹೀಗೇ. ಇಂಟರ್ನೆಟ್ ತಡೆದರೆ ಆ್ಯಪ್ ನಡೆಯಲ್ಲ, ಬಿಟ್ಟರೆ ಕಾಂಟ್ಯಾಕ್ಟ್ ಪಟ್ಟಿ ಹೋಗುತ್ತೆ. ಅಲ್ಲಿ ಕಾಂಟ್ಯಾಕ್ಟ್, ಗ್ಯಾಲರಿ ಅನುಮತಿ ಕೊಡದಿರುವುದೇ ಕಾವಲು. ದುಡ್ಡು ಹೋಗೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ. ತುಮಕೂರಿನಲ್ಲಿ ಸೆನ್ ಪೊಲೀಸ್ ಠಾಣೆ ಇದೆ. ನಾಚಿಕೆಪಟ್ಟು ಸುಮ್ಮನಿರಬೇಡಿ, ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕೊರಟಗೆರೆಯ ಶಾಸಕರ ಫೋನ್ ನಂಬರ್

ಇನ್ನೊಂದು ಬಗೆಯ ದಾಳಿ ಇದೆ. ಅದಕ್ಕೆ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ.

2021ರ ಜುಲೈನಲ್ಲಿ ಪೆಗಾಸಸ್ ವರದಿಗಳು ಬಂದವು. ಇಸ್ರೇಲಿನ ಎನ್ಎಸ್ಒ ಕಂಪನಿಯ ಬೇಹು ತಂತ್ರಾಂಶಕ್ಕೆ ಗುರಿಯಾಗಬಹುದಾಗಿದ್ದ ಸುಮಾರು 50,000 ಫೋನ್ ನಂಬರ್‌ಗಳ ಪಟ್ಟಿ ಅದು. 2019ರಲ್ಲಿ ಕರ್ನಾಟಕದ ಮೈತ್ರಿ ಸರ್ಕಾರ ಅಲುಗಾಡುತ್ತಿದ್ದ ಹೊತ್ತಿಗೆ ಸೇರಿದ ನಂಬರ್‌ಗಳಲ್ಲಿ ಆಗಿನ ಉಪಮುಖ್ಯಮಂತ್ರಿ, ಕೊರಟಗೆರೆ ಶಾಸಕ ಜಿ. ಪರಮೇಶ್ವರ ಅವರದ್ದೂ ಇತ್ತು ಎಂದು ದಿ ವೈರ್ ವರದಿ ಮಾಡಿತು. ಕುಮಾರಸ್ವಾಮಿ, ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ನಂಬರ್‌ಗಳೂ ಇದ್ದವು. ಪಟ್ಟಿಯಲ್ಲಿ ನಂಬರ್ ಇತ್ತು ಅಂದರೆ ಫೋನ್ ಹ್ಯಾಕ್ ಆಗಿತ್ತು ಅಂತ ಸಾಬೀತಾಗುವುದಿಲ್ಲ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಉಸ್ತುವಾರಿಯಲ್ಲಿ ತಾಂತ್ರಿಕ ಸಮಿತಿ ನೇಮಿಸಿತು. ಸಮಿತಿಗೆ ಸಲ್ಲಿಕೆಯಾದ 29 ಫೋನುಗಳಲ್ಲಿ 5ರಲ್ಲಿ ದುಷ್ಟ ತಂತ್ರಾಂಶ ಸಿಕ್ಕಿದೆ, ಅದು ಪೆಗಾಸಸ್ಸೇ ಎಂದು ಖಚಿತವಾಗಿಲ್ಲ, ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು 2022ರ ಆಗಸ್ಟಿನಲ್ಲಿ ಕೋರ್ಟಿನಲ್ಲೇ ಹೇಳಲಾಯಿತು.

ಇದನ್ನು ಫೈರ್‌ವಾಲ್ ತಡೆಯುತ್ತಾ? ತಡೆಯಲ್ಲ. 2019ರಲ್ಲಿ ಪೆಗಾಸಸ್ ಸುಮಾರು 1,400 ಫೋನುಗಳ ಮೇಲೆ ವಾಟ್ಸಾಪ್ ಕರೆಯ ಮೂಲಕ ದಾಳಿ ಮಾಡಿತ್ತು. ಕರೆ ಎತ್ತಬೇಕಿರಲಿಲ್ಲ. ಫೈರ್‌ವಾಲ್ ಬಿಡಲೇಬೇಕಾದ ವಾಟ್ಸಾಪಿನ ದಾರಿಯಲ್ಲೇ ಅದು ಬಂದಿತ್ತು. ಒಳಹೊಕ್ಕ ಮೇಲೆ ಇಡೀ ಆಪರೇಟಿಂಗ್ ಸಿಸ್ಟಮ್ಮೇ ಅದರ ಕೈಯಲ್ಲಿ. ನೀರುಗಂಟಿಯನ್ನೇ ಕಟ್ಟಿಹಾಕಿದ ಮೇಲೆ ತೂಬಿನ ನಿಯಮಕ್ಕೆ ಬೆಲೆ ಇಲ್ಲ. ನಿಮ್ಮ ಕೆಲಸದಿಂದಾಗಿ ಇಂಥ ಅಪಾಯ ಇದೆ ಅನ್ನಿಸಿದರೆ ಐಫೋನಿನ ಲಾಕ್‌ಡೌನ್ ಮೋಡ್ ಬಳಸಿ, ಅಪ್‌ಡೇಟ್ ಬಂದ ದಿನವೇ ಹಾಕಿಕೊಳ್ಳಿ, ಫೋನನ್ನು ಆಗಾಗ ರೀಸ್ಟಾರ್ಟ್ ಮಾಡಿ. ಇವೂ ಅಪಾಯ ತಗ್ಗಿಸುತ್ತವೆ ಅಷ್ಟೇ.

ಇಲ್ಲಿಂದ ಮುಂದಿನದು ತಾಂತ್ರಿಕ ಪ್ರಶ್ನೆ ಅಲ್ಲ, ರಾಜಕೀಯ ಪ್ರಶ್ನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಪ್ರಕರಣದಲ್ಲಿ. ಅದರ ನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಂಪನಿಗಳಿಗೆ ಹೊಣೆ ಹೊರಿಸಿತು, ಆದರೆ ಕೇಂದ್ರ ಸರ್ಕಾರ ತಾನು ಸೂಚಿಸುವ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರ ಇಟ್ಟುಕೊಂಡಿತು. 2025ರ ನವೆಂಬರ್ ಕೊನೆಗೆ ಎಲ್ಲ ಹೊಸ ಫೋನುಗಳಲ್ಲೂ ಸಂಚಾರ್ ಸಾಥಿ ಆ್ಯಪ್ ಮೊದಲೇ ಹಾಕಿರಬೇಕು ಎಂದು ದೂರಸಂಪರ್ಕ ಇಲಾಖೆ ಆದೇಶಿಸಿತು. ಜನ, ವಿರೋಧ ಪಕ್ಷಗಳು ಗಲಾಟೆ ಮಾಡಿದ ಮೇಲೆ ಡಿಸೆಂಬರ್ 3ರಂದು ಕಡ್ಡಾಯ ಕೈಬಿಟ್ಟಿತು. ಆ ಆದೇಶವನ್ನು ವಾಪಸ್ ತೆಗೆಸಿದ್ದು ಯಾವ ಸಾಫ್ಟ್‌ವೇರೂ ಅಲ್ಲ, ಜನ ಎತ್ತಿದ ದನಿ.

ಹಾಗಂತ ಮೊದಲಿನದನ್ನು ಬಿಡಬೇಡಿ. ಪೆಗಾಸಸ್ ತಡೆಯಲಾಗದು ಅಂತ ಬಾಗಿಲನ್ನೇ ತೆರೆದಿಡುವುದು ಜಾಣತನವಲ್ಲ. ಕೋಟಿಗಟ್ಟಲೆ ಬೆಲೆಯ ಬೇಹು ತಂತ್ರಾಂಶ ನಿಮ್ಮ ಮೇಲೆ ಬಳಕೆಯಾಗುವ ಸಾಧ್ಯತೆ ಕಡಿಮೆ. ಪಿಜಿಯ ವೈಫೈನಲ್ಲಿ ಯಾರೋ ಸುಮ್ಮನೆ ಕುತೂಹಲಕ್ಕೆ ನಿಮ್ಮ ಫೋಲ್ಡರ್ ತೆರೆಯುವ ಸಾಧ್ಯತೆ ಅದಕ್ಕಿಂತ ಬಹಳ ಹೆಚ್ಚು.

ಹತ್ತು ನಿಮಿಷದ ಕೆಲಸ

1. ಲ್ಯಾಪ್‌ಟಾಪಿನ ಫೈರ್‌ವಾಲ್ ಆನ್ ಇದೆಯಾ ನೋಡಿ. ವಿಂಡೋಸಿನಲ್ಲಿ ಮೂರೂ ಸಾಲು.
2. ಮನೆಯ ವೈಫೈ ಬಿಟ್ಟು ಉಳಿದದ್ದೆಲ್ಲ ಪಬ್ಲಿಕ್ ಮಾಡಿ.
3. ಶೇರ್ ಆಗಿರುವ ಫೋಲ್ಡರ್‌ಗಳನ್ನು ನಿಲ್ಲಿಸಿ. ರಿಮೋಟ್ ಡೆಸ್ಕ್‌ಟಾಪ್ ಬೇಡವಾದರೆ ಆಫ್ ಮಾಡಿ.
4. ಅನುಮತಿ ಪಡೆದ ಪ್ರೋಗ್ರಾಂಗಳ ಪಟ್ಟಿ ಓದಿ, ಗುರುತಿಲ್ಲದ್ದನ್ನು ತೆಗೆಯಿರಿ.
5. ಅಪ್‌ಡೇಟ್ ಹಾಕಿಕೊಳ್ಳಿ.
6. ಫೋನಿನಲ್ಲಿ ಇಂಟರ್ನೆಟ್ ಬೇಡದ ಆ್ಯಪ್‌ಗಳಿಗೆ ಇಂಟರ್ನೆಟ್ ತಡೆಯಿರಿ.
7. ರಿಪೇರಿಗೆ ಕೊಟ್ಟು ವಾಪಸ್ ತಂದಾಗ 1ನೇ ಕೆಲಸ ಮತ್ತೊಮ್ಮೆ ಮಾಡಿ.

ಗುಬ್ಬಿಯ ಆ ಲ್ಯಾಪ್‌ಟಾಪಿಗೆ ಇದಷ್ಟನ್ನೂ ಮಾಡಿದೆವು. ರೈತರ ಪಟ್ಟಿ ಇರುವ ಫೋಲ್ಡರನ್ನು ಪಾಸ್‌ವರ್ಡ್ ಹಾಕಿ ಗೂಢಲಿಪಿಗೆ ಬದಲಿಸಿದೆವು. ಪ್ರಿಂಟರಿಗೆ ಒಂದೇ ಒಂದು ನಿಯಮ ಬರೆದೆವು, ಅದೂ ಮನೆಯ ವೈಫೈಗೆ ಮಾತ್ರ. ಪ್ರಿಂಟ್ ಬಂತು. ಹೊರಡುವಾಗ ಒಬ್ಬ ಕೇಳಿದ: "ಅಣ್ಣಾ, ಇಷ್ಟು ದಿನ ಯಾರಾದ್ರೂ ನೋಡಿರಬಹುದಾ?"

ನೋಡಿರಬಹುದು, ನೋಡದೆಯೂ ಇರಬಹುದು. ಲಾಗ್ ಇಟ್ಟಿರಲಿಲ್ಲ, ಈಗ ತಿಳಿಯುವ ದಾರಿ ಇಲ್ಲ. ಪಟ್ಟಿಯಲ್ಲಿರುವ ರೈತರಿಗೆ ಒಂದು ಮಾತು ತಿಳಿಸಿಬಿಡಿ, ಯಾರಾದರೂ ನಿಮ್ಮ ಹೆಸರು ಹೇಳಿಕೊಂಡು ಫೋನ್ ಮಾಡಿದರೆ ನಂಬಬೇಡಿ ಅಂತ ಹೇಳಿ ಅಂದೆ. ಅವತ್ತು ಸಂಜೆಯೇ ಗ್ರೂಪಿಗೆ ಆ ಮೆಸೇಜ್ ಹಾಕಿದ್ದಾರೆ.